ದೆವ್ವಕ್ಕೆ ಮೇಜು, ದುಡಿದವರಿಗೆ ಮರೆವು



ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಜಾಕ್ಸನ್ ಚೌಕದ ಬಳಿ ಮ್ಯೂರಿಯಲ್ಸ್ ಎಂಬ ಹೆಸರಾಂತ ಹೋಟೆಲಿದೆ. ಹೋಟೆಲು ಆರಂಭವಾದದ್ದು 2001ರಲ್ಲಿ. ಆ ಜಾಗದ ಚರಿತ್ರೆ ಮಾತ್ರ ಇನ್ನೂರು ವರ್ಷಕ್ಕೂ ಹಿಂದಿನದು. ಅಲ್ಲಿ ಒಂದು ಮೇಜನ್ನು ದೆವ್ವಕ್ಕೆಂದೇ ಮೀಸಲಿಟ್ಟು, ಬ್ರೆಡ್ಡು ಮತ್ತು ವೈನ್ ಇಡುತ್ತಾರೆ.

ಹೋಟೆಲಿನವರು ಹೇಳುವ ಕಥೆ ಹೀಗಿದೆ. 1788ರ ಮಾರ್ಚ್ 21ರಂದು ಆ ಊರಿಗೆ ಬೆಂಕಿ ಬಿದ್ದು 850ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು. ಹಾಗೆ ಸುಟ್ಟ ಮನೆಯೊಂದನ್ನು ಜೂರ್ದಾನ್ ಎಂಬ ಸಿರಿವಂತ ಕೊಂಡು, ಆಸೆಪಟ್ಟು ಮತ್ತೆ ಕಟ್ಟಿಸಿದ. 1814ರಲ್ಲಿ ಅದೇ ಮನೆಯನ್ನು ಜೂಜಿನಲ್ಲಿ ಸೋತ. ಬಿಟ್ಟುಕೊಡುವ ಮೊದಲೇ ಮಹಡಿಯ ಮೇಲೆ ಪ್ರಾಣ ಕಳೆದುಕೊಂಡ. ಅವನೇ ಈಗಲೂ ಓಡಾಡುತ್ತಾನಂತೆ, ಲೋಟ ಬೀಳಿಸುತ್ತಾನಂತೆ.

ಸರ್ಕಾರಿ ಕೆಲಸದಲ್ಲಿದ್ದಾಗ ನಾನು ಹಳೆಯ ಕಟ್ಟಡಗಳನ್ನು ಬಹಳ ಪರಿಶೀಲಿಸಿದ್ದೇನೆ. ಹಗಲು ಕಾದ ತಗಡು, ತೊಲೆ ರಾತ್ರಿ ತಣಿಯುವಾಗ ಕುಗ್ಗಿ ಸದ್ದು ಮಾಡುತ್ತವೆ. ನಲ್ಲಿಯನ್ನು ತಟ್ಟನೆ ನಿಲ್ಲಿಸಿದರೆ ಕೊಳವೆ ಗುದ್ದಿದಂತೆ ಕೇಳುತ್ತದೆ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ತನ್ನ ಪ್ರಯೋಗಾಲಯದಲ್ಲಿ ಬೂದು ಬಣ್ಣದ ಆಕೃತಿಯೊಂದನ್ನು ಕಂಡು ಬೆವರಿದ್ದ. ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಕೂರಿಸಿದ್ದ ಫ್ಯಾನು! ಅದರಿಂದ ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಸದ್ದು ಹುಟ್ಟುತ್ತಿತ್ತು. 1998ರಲ್ಲಿ ಅವನು ಇದನ್ನು ಪ್ರಕಟಿಸಿದ. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ವರದಿ ಮಾಡಿದ ‘ದೆವ್ವದ ಮನೆ’ಯಲ್ಲಿ, ಕೆಟ್ಟ ಕುಲುಮೆಯಿಂದ ಸೋರಿದ ಕಾರ್ಬನ್ ಮಾನಾಕ್ಸೈಡ್ ಮನೆಮಂದಿಯ ತಲೆ ಕೆಡಿಸಿತ್ತು. ಹೆದರಿ ಮಂತ್ರವಾದಿಯನ್ನು ಕರೆದಿದ್ದರೆ ಆ ಮಕ್ಕಳು ಉಳಿಯುತ್ತಿದ್ದರೇ? ಮೌಢ್ಯ ಜೀವಕ್ಕೂ ಅಪಾಯ.

ದೆವ್ವವಿಲ್ಲ ಎಂದಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತೆ. ಜೂರ್ದಾನ್ ಸತ್ತನೆನ್ನುವ ಮಹಡಿಯ ಜಾಗದಲ್ಲಿ ಹಿಂದೆ ಗುಲಾಮರ ವಸತಿ ಇತ್ತೆಂದು ಅದೇ ಕಥೆ ಹೇಳುತ್ತದೆ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದ ಅತಿದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದುದು ಈ ಊರಿನಲ್ಲೇ. ತಾಯಿ ಒಬ್ಬನ ಪಾಲು, ಮಗು ಇನ್ನೊಬ್ಬನ ಪಾಲು. 1811ರಲ್ಲಿ, ಅಂದರೆ ಜೂರ್ದಾನ್ ಸತ್ತನೆನ್ನುವ ಕಾಲಕ್ಕೆ ಮೂರೇ ವರ್ಷ ಮುಂಚೆ, ಸುತ್ತಲಿನ ಕಬ್ಬಿನ ತೋಟಗಳ ಗುಲಾಮರು ಬಂಡೆದ್ದರು. ಅವರನ್ನು ಕೊಂದು, ತಲೆಗಳನ್ನು ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಕಂಬಗಳಿಗೆ ಸಿಕ್ಕಿಸಿದರು.

ಮನೆ ಸೋತ ಜೂಜುಗಾರನಿಗೆ ಹೆಸರಿದೆ, ಮೇಜಿದೆ, ರೊಟ್ಟಿಯಿದೆ. ಮನುಷ್ಯರೆಂಬ ಲೆಕ್ಕಕ್ಕೇ ಸೇರದೆ ದುಡಿದವರಿಗೆ ದೆವ್ವವಾಗುವ ಭಾಗ್ಯವೂ ಇಲ್ಲ. ಸತ್ತ ಮೇಲೂ ಅಂತಸ್ತು ನೋಡಿಯೇ ಎಲೆ ಹಾಕುತ್ತದೆ ಈ ಲೋಕ. ಭಯದ ಕಥೆ ಹೀಗೆ ಅನ್ಯಾಯದ ಕಥೆಯನ್ನು ಮುಚ್ಚುತ್ತದೆ.

ದೂರದ ಊರಿನ ಮಾತು ಎಂದು ನಾವು ನಿರಾಳವಾಗುವಂತಿಲ್ಲ. ನಮ್ಮ ಹಳ್ಳಿಗಳ ಹಾಳು ವಾಡೆಗಳಲ್ಲೂ ದೆವ್ವಗಳಿವೆ; ಅವು ಬಹುಪಾಲು ಗೌಡರ, ದೇಸಾಯರ ಮನೆತನದವೇ. ಅಲ್ಲಿ ಕಲ್ಲು ಹೊತ್ತವರು, ಜೀತಕ್ಕೆ ಬಿದ್ದವರು ಯಾರು? ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಅದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಕಾಯಕವನ್ನು ಕೈಲಾಸವೆಂದು ನಂಬಿದ ನಾವು ಕಾಯಕ ಮಾಡಿದವರ ಹೆಸರು ಮರೆಯಬಾರದು. ಮಠಗಳ ಅನುಭಾವ ಗೋಷ್ಠಿಗಳಲ್ಲಿ ತರುಣರು ಹಿರಿಯರನ್ನು ಕೂರಿಸಿಕೊಂಡು ಅಂಥವರ ಹೆಸರುಗಳನ್ನು ಕೇಳಿ ಬರೆದಿಡಲಿ. ಇಲ್ಲದ ದೆವ್ವಕ್ಕೆ ಇಡುವ ಎಡೆಯನ್ನು ಹಸಿದವರ ಮುಂದೆ ಇಡೋಣ. ದಾಸೋಹ ಬದುಕಿರುವವರಿಗೆ, ನೆನಪು ದುಡಿದು ಹೋದವರಿಗೆ.