ಸೂಜಿಗೆ ಮುಂಚಿನ ಮಾತು

ಮೂರು ತಿಂಗಳಿಗೊಮ್ಮೆ ಹಾಕುವ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಸ್ತಾಪ ಬಂದಾಗ ನಮ್ಮ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯನ್ನು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: ‘ಮುಟ್ಟು ನಿಂತುಹೋದರೆ ಆ ಕೆಟ್ಟ ರಕ್ತವೆಲ್ಲ ಒಳಗೇ ಉಳಿಯೋದಿಲ್ವೇನಕ್ಕ?’ ಇದನ್ನು ಅಜ್ಞಾನದ ಮಾತೆಂದು ತಳ್ಳಿಹಾಕುವುದು ಅನ್ಯಾಯ; ಏಕೆಂದರೆ ಮೈನೆರೆದಂದಿನಿಂದ ತಿಂಗಳು ತಿಂಗಳೂ ತಪ್ಪದೆ ಬರುತ್ತಿದ್ದುದು ಒಮ್ಮೆಗೇ ಬಾರದೆ ಹೋದಾಗ ಅದು ಎಲ್ಲಿಗೆ ಹೋಯಿತೆಂದು ವಿಚಾರಿಸುವುದು ವಿವೇಕವೇ ಹೊರತು ಮೌಢ್ಯವಲ್ಲ. ಒಳಗೆ ಏನೂ ಶೇಖರವಾಗಿರುವುದಿಲ್ಲವೆಂಬುದೇ ಅದಕ್ಕೆ ಉತ್ತರ. ಆದರೆ ಆ ಉತ್ತರ ಮನಸ್ಸಿಗೆ ಹತ್ತಬೇಕಾದರೆ ಮದ್ದು ಮಾಡುವ ಕಾರ್ಯವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು.

ಸ್ತ್ರೀದೇಹದಲ್ಲಿ ಸಹಜವಾಗಿ ನಡೆಯುವ ಕ್ರಮವೇನೆಂದರೆ, ಮಿದುಳಿನ ಬುಡದ ಹೈಪೊಥಾಲಮಸ್ಸು ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸಿ, ಆ ಗ್ರಂಥಿಯ ಹಾರ್ಮೋನುಗಳು ಅಂಡಾಶಯದಲ್ಲಿ ಅಂಡವೊಂದನ್ನು ಪಕ್ವಗೊಳಿಸಿ, ಋತುಚಕ್ರದ ನಡುವೆ ಅವುಗಳಲ್ಲೊಂದು ಥಟ್ಟನೆ ಉಕ್ಕೇರಿದಾಗ ಆ ಅಂಡವು ಹೊರಬೀಳುತ್ತದೆ. ಇತ್ತ ಗರ್ಭಕೋಶದ ಒಳಪದರವು ಗರ್ಭಕ್ಕೆ ಆಶ್ರಯವಾಗಲೆಂದು ದಪ್ಪನಾಗಿ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹರಿದುಹೋಗುತ್ತದೆ. ಚುಚ್ಚುಮದ್ದಿನಲ್ಲಿರುವ ಮೆಡ್ರಾಕ್ಸಿಪ್ರೊಜೆಸ್ಟರೋನ್ ಅಸಿಟೇಟ್ ಎಂಬ ದ್ರವ್ಯವು ದೇಹದ್ದೇ ಆದ ಪ್ರೊಜೆಸ್ಟರೋನನ್ನು ಹೋಲುವಂತೆ ತಯಾರಿಸಿದ್ದು. ಅದು ಆ ಉಕ್ಕನ್ನು ಅಡಗಿಸುವುದರಿಂದ ಅಂಡ ಹೊರಬೀಳುವುದಿಲ್ಲ. ಗರ್ಭಕೋಶದ ಬಾಯಿಯ ಲೋಳೆಯು ಮಂದವಾಗಿ ವೀರ್ಯಾಣುಗಳ ಮಾರ್ಗ ಕಟ್ಟಿಹೋಗುತ್ತದೆ. ಒಳಪದರವೂ ಬೆಳೆಯದೆ ತೆಳುವಾಗಿಯೇ ಉಳಿಯುತ್ತದೆ. ಬೆಳೆಯದ ಪದರ ಕಳಚುವುದೆಂತು? ಮುಟ್ಟು ನಿಲ್ಲುವ ಕಾರಣ ಇಷ್ಟೆ.

ಒಂದು ಮಿಲಿಲೀಟರಿನ ಆ ಪುಟ್ಟ ಸೀಸೆಯಲ್ಲಿ 150 ಮಿಲಿಗ್ರಾಂ ಔಷಧವಿರುತ್ತದೆ. ಅಲುಗಿಸದೆ ಇಟ್ಟರೆ ಬಿಳಿಯ ಕಣಗಳು ತಳಕ್ಕಿಳಿದು ಕೂರುವುದರಿಂದ, ನರ್ಸು ಅದನ್ನು ಚೆನ್ನಾಗಿ ಕುಲುಕಿ, ದ್ರವವೆಲ್ಲ ಒಂದೇ ಸಮನೆ ಹಾಲಿನ ಬಣ್ಣಕ್ಕೆ ತಿರುಗಿದ ಮೇಲೆಯೇ ಸಿರಿಂಜಿಗೆ ಎಳೆದು, ತೋಳಿನ ಇಲ್ಲವೆ ಪಿರ್ರೆಯ ಸ್ನಾಯುವಿಗೆ ಕೊಡುತ್ತಾಳೆ. ನೀರಿಗೆ ಹಾಕಿದ ಕಲ್ಲುಸಕ್ಕರೆಯಂತೆ ಆ ಕಣಗಳು ಅಲ್ಲಿ ನಿಧಾನವಾಗಿ ಕರಗುತ್ತ ಮೂರು ತಿಂಗಳವರೆಗೆ ರಕ್ತಕ್ಕೆ ಸೇರುತ್ತಿರುತ್ತವೆ. ಆದುದರಿಂದಲೇ ಸೂಜಿ ಹಾಕಿಸಿಕೊಂಡ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು. ಉಜ್ಜಿದರೆ ಔಷಧ ಬೇಗನೆ ಕರಗಿ ಅವಧಿಗೆ ಮುಂಚೆಯೇ ಬಲ ಕುಗ್ಗೀತು. ಯಾವ ಇಂಜೆಕ್ಷನ್ನಾದರೂ ಹಾಕಿಸಿಕೊಂಡೊಡನೆ ತೋಳು ತಿಕ್ಕಿಕೊಳ್ಳುವುದು ನಮ್ಮ ಜನಕ್ಕೆ ರೂಢಿಯಾಗಿರುವುದರಿಂದ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಅನುಭವದ ಮಾತು. ಮೊದಲ ಕೆಲವು ತಿಂಗಳು ಮುಟ್ಟಿನ ಕ್ರಮ ತಪ್ಪುವುದು ಬಹುಮಟ್ಟಿಗೆ ನಿಶ್ಚಿತ: ಒಬ್ಬಳಿಗೆ ದಿನ ಬಿಟ್ಟು ದಿನ ಬಟ್ಟೆಗೆ ಕಲೆಯಾಗುವಷ್ಟು ಸ್ರಾವ, ಮತ್ತೊಬ್ಬಳಿಗೆ ಹತ್ತು ಹದಿನೈದು ದಿನ ಎಳೆಯುವ ಮುಟ್ಟು, ಮಗುದೊಬ್ಬಳಿಗೆ ಏನೂ ಇಲ್ಲ. ಒಂದು ವರ್ಷ ತುಂಬುವ ವೇಳೆಗೆ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟು ನಿಂತಿರುತ್ತದೆ. ಸ್ರಾವ ಅತಿಯಾದರೆ ವೈದ್ಯರಲ್ಲಿ ಅದಕ್ಕೆ ಔಷಧವುಂಟು. ಆದರೆ ಇವೆಲ್ಲ ಮದ್ದಿನ ಸ್ವಭಾವವೆಂದು ಮೊದಲೇ ತಿಳಿಯದವಳು ತನಗೆ ಏನೋ ಕೇಡಾಯಿತೆಂದು ಬೆದರಿ, ಎರಡನೆಯ ಸೂಜಿಗೆ ಬಾರದೆ ಹೋಗುತ್ತಾಳೆ. 1990ರ ದಶಕದಲ್ಲಿ ಚೀನಾ ದೇಶದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಹೀಗೆಲ್ಲ ಆಗಬಹುದೆಂದು ಮುಂಚಿತವಾಗಿ ವಿವರವಾಗಿ ಹೇಳಿಸಿಕೊಂಡ ಸ್ತ್ರೀಯರಲ್ಲಿ ವರ್ಷದೊಳಗೆ ಇದನ್ನು ಬಿಟ್ಟವರು ನೂರಕ್ಕೆ 11 ಮಂದಿ. ವಾಡಿಕೆಯ ನಾಲ್ಕು ಮಾತು ಮಾತ್ರ ಕೇಳಿದ್ದವರಲ್ಲಿ ಬಿಟ್ಟವರು 42 ಮಂದಿ. ಔಷಧ ಒಂದೇ, ಪ್ರಮಾಣ ಒಂದೇ. ಅಂತರವಿದ್ದುದು ಹೇಳಿದ ಮಾತಿನಲ್ಲಿ. ವೈದ್ಯಶಾಸ್ತ್ರದಲ್ಲಿ ಮಾತಿನ ಬೆಲೆಯನ್ನು ಇಷ್ಟು ನಿಚ್ಚಳವಾಗಿ ಅಳೆದು ತೋರಿಸಿದ ನಿದರ್ಶನಗಳು ವಿರಳವೆಂದೇ ನನ್ನ ಭಾವನೆ.

ನಮ್ಮ ದೇಶದಲ್ಲಿ ಈ ಬಗೆಯ ಚುಚ್ಚುಮದ್ದಿನ ಮೇಲೆ ಬಿದ್ದ ಸಂಶಯದ ನೆರಳೂ ಹೇಳದೆ ಉಳಿಸಿದ ಮಾತಿನಿಂದಲೇ ಹುಟ್ಟಿದ್ದು. 1985ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ, ಎರಡು ತಿಂಗಳಿಗೊಮ್ಮೆ ಕೊಡುವ ನೆಟ್-ಎನ್ ಎಂಬ ಇಂಥದೇ ಔಷಧದ ಪ್ರಯೋಗಕ್ಕಾಗಿ ಸೇರಿಸಿದ್ದ ಬಡ ಸ್ತ್ರೀಯರಿಗೆ ಅದು ಪ್ರಯೋಗವೆಂಬುದನ್ನೇ ಸರಿಯಾಗಿ ತಿಳಿಸಿಲ್ಲವೆಂದು ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಮರುವರ್ಷ ಸ್ತ್ರೀ ಶಕ್ತಿ ಸಂಘಟನ, ಸಹೇಲಿ ಮೊದಲಾದ ಸಂಸ್ಥೆಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಆ ಹೆಂಗಸರ ಹೋರಾಟವನ್ನು ವಿಜ್ಞಾನವಿರೋಧವೆಂದು ಕರೆದವರಿದ್ದರು. ನಾನು ಹಾಗೆ ಭಾವಿಸಲಾರೆ. 2017ರಲ್ಲಿ ಮೂರು ತಿಂಗಳ ಈ ಮದ್ದು ‘ಅಂತರಾ’ ಎಂಬ ಹೆಸರಿನಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯತೊಡಗಿದಾಗ, ಸಮಾಲೋಚನೆಯನ್ನು ಯೋಜನೆಯ ಅಂಗವಾಗಿಯೇ ಇರಿಸಿದುದರಲ್ಲಿ ಆ ಹೋರಾಟದ ಋಣವಿದೆ.

ಹೇಳಬೇಕಾದ ಮಾತುಗಳಲ್ಲಿ ಅಪ್ರಿಯವಾದವೂ ಇವೆ. ವರ್ಷಕ್ಕೆ ಒಂದೆರಡು ಕಿಲೋ ತೂಕ ಏರಬಹುದು, ತಲೆನೋವು ಬರಬಹುದು. ಬಳಸುವಷ್ಟು ಕಾಲ ಎಲುಬಿನ ಸಾಂದ್ರತೆ ತುಸು ತಗ್ಗಿ, ಬಿಟ್ಟ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲಿ ಮಿದುಳಿನ ಹೊದಿಕೆಯ ಮೆನಿಂಜಿಯೋಮಾ ಎಂಬ ಗಡ್ಡೆಯ ಸಂಭವ ಹೆಚ್ಚೆಂದು 2024ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ತೋರಿಸಿತು. ಆ ಗಡ್ಡೆ ಅತಿ ವಿರಳವಾದುದರಿಂದ ಸಂಭವ ಹೆಚ್ಚಿದರೂ ಅಲ್ಪವೇ, ಆದರೂ ಮುಚ್ಚಿಡತಕ್ಕ ಸಂಗತಿಯಲ್ಲ. ಸ್ತನದ ಕ್ಯಾನ್ಸರ್ ಇರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು, ಹೃದ್ರೋಗ, ಪಾರ್ಶ್ವವಾಯು, ತೀವ್ರವಾದ ರಕ್ತದೊತ್ತಡ ಅಥವಾ ಯಕೃತ್ತಿನ ವ್ಯಾಧಿಯುಳ್ಳವರು ಇದನ್ನು ಬಳಸತಕ್ಕದ್ದಲ್ಲ. ಮೊಲೆಯೂಡಿಸುವ ತಾಯಿಗೆ ಹೆರಿಗೆಯಾದ ಆರು ವಾರದ ಮೇಲೆ ಕೊಡಬಹುದು. ಮುಟ್ಟಾದ ಏಳು ದಿನದೊಳಗೆ ಹಾಕಿಸಿಕೊಂಡರೆ ಒಡನೆಯೇ ರಕ್ಷಣೆ. ಆಮೇಲಾದರೆ, ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಹಾಕಿಸಿ, ಒಂದು ವಾರ ಕಾಂಡೋಮ್ ಬೇಕು. ಲೈಂಗಿಕ ರೋಗಗಳಿಗಂತೂ ಇದು ತಡೆಯಲ್ಲ. ದಿನ ತಪ್ಪದೆ ಹಾಕಿಸಿಕೊಂಡಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ಗರ್ಭ ನಿಲ್ಲದು. ನಿಗದಿಯಾದ ದಿನ ತಪ್ಪಿದರೂ ನಾಲ್ಕು ವಾರದೊಳಗೆ ಹೋದರೆ ಹಾಕುತ್ತಾರೆ.

ಗರ್ಭನಿರೋಧದ ಚಿಕಿತ್ಸಾಲಯಗಳನ್ನು ಮೈಸೂರು ಸಂಸ್ಥಾನದ ಸರಕಾರವು 1930ರಷ್ಟು ಹಿಂದೆಯೇ ತೆರೆದಿತ್ತು. ಅಂಥ ನಾಡಿನಲ್ಲಿ ಇಂದಿಗೂ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಶ್ರಯಿಸಿರುವುದು ‘ಆಪರೇಷನ್’ ಒಂದನ್ನೇ. ಎರಡು ಮಕ್ಕಳನ್ನು ಬೆನ್ನುಬೆನ್ನಿಗೆ ಹೆತ್ತು, ಇಪ್ಪತ್ತೈದು ತುಂಬುವ ಆಸುಪಾಸಿನಲ್ಲಿ ಮೇಜಿನ ಮೇಲೆ ಮಲಗುವ ತಾಯಿಗೆ, ನಡುವೆ ಅಂತರವಿಡಬಹುದಿತ್ತೆಂದು ಹೇಳಿದವರು ಯಾರೂ ಇರುವುದಿಲ್ಲ. ಅಂಥವಳಿಗೆ ಈ ಮದ್ದು ಒದಗೀತು. ಆದರೆ ಬಿಟ್ಟೊಡನೆ ಗರ್ಭ ನಿಲ್ಲುವುದೆಂದು ಎಣಿಸಬಾರದು. ಕಡೆಯ ಸೂಜಿಯಿಂದ ಲೆಕ್ಕಹಾಕಿದರೆ ಸರಾಸರಿ ಸುಮಾರು 10 ತಿಂಗಳು ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಫಲಶಕ್ತಿ ನಷ್ಟವಾಗುವುದಿಲ್ಲ, ತಡವಾಗುತ್ತದೆ ಅಷ್ಟೆ. ಈ ತಡವನ್ನು ಅರಿಯದ ಮನೆಯಲ್ಲಿ ‘ಸೂಜಿ ಹಾಕಿಸಿಕೊಂಡು ಬಂಜೆಯಾದಳು’ ಎಂಬ ನಿಂದೆ ಆ ಸೊಸೆಯ ತಲೆಗೆ ಬರುವುದರಿಂದ, ಅವಳು ಒಪ್ಪುವುದಾದರೆ, ಜೊತೆಯಲ್ಲಿ ಬಂದ ಗಂಡನಿಗೂ ಅತ್ತೆಗೂ ಆ ತಿಂಗಳುಗಳ ಲೆಕ್ಕವನ್ನು ಮೊದಲ ದಿನವೇ ಕೂರಿಸಿ ಹೇಳಿಬಿಡುವುದು ಉತ್ತಮ.