ಹೋಗಲೊಲ್ಲದ ಕಡತ

ಹಳೆಯ ಕಂಪ್ಯೂಟರನ್ನು ಮಾರಬೇಕು. ಅದಕ್ಕೆ ಮುನ್ನ ಬ್ಯಾಂಕಿನ ಲೆಕ್ಕದ ಕಡತವೊಂದನ್ನು ಅಳಿಸಬೇಕು. ಕೊಪ್ಪದಲ್ಲೋ ಶೃಂಗೇರಿಯಲ್ಲೋ ನರಸಿಂಹರಾಜಪುರದಲ್ಲೋ ಅಡಕೆ ತೋಟದ ಗೃಹಸ್ಥರೊಬ್ಬರು ಹೀಗೆ ಕುಳಿತಿದ್ದಾರೆನ್ನೋಣ. ಕಡತ ಮಾತ್ರ ಹೋಗಲೊಲ್ಲದು.

ಈ ಹಟಕ್ಕೆ ಕಾರಣ ಬಹುಮಟ್ಟಿಗೆ ಸಣ್ಣದು. ಬೇರೊಂದು ತಂತ್ರಾಂಶ ಆ ಕಡತವನ್ನು ತೆರೆದು ಹಿಡಿದಿರುತ್ತದೆ; ಓದುತ್ತಿರುವವರ ಕೈಯಿಂದ ಪುಸ್ತಕವನ್ನು ಕಸಿಯಲು ವಿಂಡೋಸ್ ಸಾಮಾನ್ಯವಾಗಿ ಒಪ್ಪದು. ಲಿನಕ್ಸ್ ಅಷ್ಟು ಸಂಕೋಚದ್ದಲ್ಲ: ಹೆಸರನ್ನು ಒಡನೆ ಅಳಿಸಿ, ಓದು ಮುಗಿದ ಮೇಲೆ ಜಾಗವನ್ನು ಬಿಡಿಸಿಕೊಳ್ಳುತ್ತದೆ. ವಿಂಡೋಸಿನವರು ತೆರೆದುದನ್ನೆಲ್ಲ ಮುಚ್ಚಿ ಯಂತ್ರವನ್ನು ಮತ್ತೆ ಆರಂಭಿಸಿದರೆ ಹಟ ಹೆಚ್ಚಾಗಿ ಇಳಿಯುತ್ತದೆ. ಇಳಿಯದಿದ್ದರೆ ‘ಸೇಫ್ ಮೋಡ್’ ಇದ್ದೇ ಇದೆ. ಅಲ್ಲಿ ಅತ್ಯಗತ್ಯವಾದ ತಂತ್ರಾಂಶಗಳಷ್ಟೇ ಏಳುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಸಂಶಯಕ್ಕೂ ಎಡೆಯುಂಟು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿನ ಒಳಲೆಕ್ಕ ಕೆಡಬಹುದು. ಅದಕ್ಕೆ ಮದ್ದು ‘ಚೆಕ್ ಡಿಸ್ಕ್’; ಆದರೆ ಮೊದಲು ಮದುವೆಯ ಚಿತ್ರಗಳನ್ನೂ ತೋಟದ ಲೆಕ್ಕವನ್ನೂ ಬೇರೆಡೆ ನಕಲು ಮಾಡಿಡತಕ್ಕದ್ದು. ಕಂಡಕಂಡಲ್ಲಿಂದ ಅಳಿಸುವ ತಂತ್ರಾಂಶ ತರುವುದು ಇಲಿ ಹೋಗಲೆಂದು ಮನೆಗೆ ಹಾವು ಬಿಟ್ಟಂತೆ!

ಅಂತೂ ಕಡತ ಹೋಯಿತೆನ್ನೋಣ. ಹೋದದ್ದು ಹೆಸರು ಮಾತ್ರ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಮೇಲೆ ಹೊಸ ಬರಹ ಬೀಳುವ ತನಕ ಬ್ಯಾಂಕಿನ ಲೆಕ್ಕವನ್ನು ಬಲ್ಲವರು ಓದಬಲ್ಲರು. ಮಾರುವ ಮುನ್ನ ಡಿಸ್ಕನ್ನು ಕಳಚಿ ಮನೆಯಲ್ಲೇ ಇಟ್ಟುಕೊಳ್ಳುವುದು ಲೇಸು.