ಹಿಂದಿನ ಸಭೆಯ ಠರಾವು ಏನಾಯಿತು?

ಕೊಪ್ಪಳ ಜಿಲ್ಲೆಯ ಅಳವಂಡಿಯಂಥ ಹೋಬಳಿ ಊರಿನಲ್ಲಿ ಸಮಿತಿಗಳಿಗೆ ಬರವಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ ಸಾಮಾಜಿಕ ನ್ಯಾಯ ಸಮಿತಿಯೂ ಸೇರಿ ಸ್ಥಾಯಿ ಸಮಿತಿಗಳಿವೆ. 2001ರ ಸರ್ಕಾರಿ ಆದೇಶದಿಂದ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಆರೋಗ್ಯ, ನೈರ್ಮಲ್ಯಕ್ಕೂ ಒಂದು ಸಮಿತಿ ಉಂಟು. ಇವುಗಳ ಸಭೆಯೇ ನಡೆಯುವುದಿಲ್ಲ ಎಂಬ ದೂರು ಹಳೆಯದು. ನಡೆದ ಸಭೆಯಿಂದಲೂ ಕೆಲಸವಾಗುವುದಿಲ್ಲವಲ್ಲ, ನನ್ನ ಚಿಂತೆ ಅದು. ಕಾರಣ ನಡಾವಳಿ ಪುಸ್ತಕದಲ್ಲೇ ಸಿಗುತ್ತದೆ. ‘ಚರ್ಚಿಸಿ, ಮುಂದಿನ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ಒಂದು ಸಾಲು, ಅದರ ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಕ್ರಮ ಯಾರು ಕೈಗೊಳ್ಳಬೇಕು, ಎಂದಿನೊಳಗೆ ಎಂಬುದು ಇರುವುದಿಲ್ಲ. ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ಊರಲ್ಲಿ ಶುದ್ಧ ನೀರಿನ ಘಟಕ ಕೆಟ್ಟರೆ ‘ದುರಸ್ತಿ ಮಾಡಿಸುವುದು’ ಎಂದು ಬರೆದರೆ ಸಾಲದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೂರು ದಿನದಲ್ಲಿ ಘಟಕ ನಿರ್ವಹಿಸುವ ಏಜೆನ್ಸಿಗೆ ಪತ್ರ ಬರೆಯಬೇಕು, ಹದಿನೈದು ದಿನದೊಳಗೆ ಘಟಕ ಚಾಲೂ ಆಗಬೇಕು ಎಂದೇ ಬರೆಯಬೇಕು. ಮುಂದಿನ ಸಭೆಯ ಮೊದಲ ವಿಷಯ ಈ ಠರಾವಿನ ಅನುಪಾಲನಾ ವರದಿಯಾಗಬೇಕು. ಅದನ್ನು ಓದಿ ಮುಗಿಸುವವರೆಗೆ ಹೊಸ ವಿಷಯ ಎತ್ತಕೂಡದು.

ಸಮಿತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇರುವಾಗ ಇಷ್ಟು ಶಿಸ್ತು ಯಾತಕ್ಕೆ ಎನ್ನುವವರಿದ್ದಾರೆ. ಅಧಿಕಾರ ಕಡಿಮೆ ಇರುವುದರಿಂದಲೇ ಶಿಸ್ತು ಬೇಕು. ಸಲಹೆಯನ್ನು ಒಪ್ಪದಿರಲು ಅಧಿಕಾರಿಗೆ ಅವಕಾಶವಿದೆ, ಆದರೆ ಒಪ್ಪದ ಕಾರಣ ನಡಾವಳಿಯಲ್ಲಿ ದಾಖಲಾದರೆ ಅದನ್ನು ಹಿಡಿದು ತಾಲ್ಲೂಕು ಪಂಚಾಯಿತಿಯವರೆಗೂ ಹೋಗಬಹುದು. ನಿಯಮ ಹೆಚ್ಚಾದರೆ ಹಳ್ಳಿಯ ಜನ ಬಾಯಿ ಬಿಡುವುದಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ನಿಯಮವಿಲ್ಲದ ಸಭೆಯಲ್ಲಿ ಮಾತಾಡುವವರು ಯಾರು? ದೊಡ್ಡ ದನಿಯವರು, ಕುರ್ಚಿಯ ಹತ್ತಿರ ಕೂತವರು. ಸರದಿಯಂತೆ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳುವ ಅಧ್ಯಕ್ಷರಿದ್ದರೆ ಹಿಂದೆ ಕೂತ ಹೆಣ್ಣುಮಗಳೂ ಮಾತಾಡುತ್ತಾಳೆ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಕಲಮಿನಲ್ಲಿ ಯಾರಿಗೂ ತಿಳಿಸದ ಖರ್ಚಿನ ಬಾಬನ್ನು ತೂರಿಸುವುದಕ್ಕೂ ನಿಯಮವಿದ್ದರೆ ತಡೆ ಬೀಳುತ್ತದೆ. ಹಣದ ವಿಷಯ ಮೊದಲೇ ಸೂಚನಾಪತ್ರದಲ್ಲಿ ಇರಲೇಬೇಕು.

ಸಭೆಯ ಹೊತ್ತನ್ನೂ ಬದಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸ್ಥಾನ ಪಾಲಕರಿಗೆ, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿಗೆ ಎಂದಿದೆ. ಎರೆಹೊಲದಲ್ಲಿ ಕಡಲೆ ಕೀಳುವ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಆ ತಾಯಂದಿರು ಕೂಲಿ ಬಿಟ್ಟು ಬರಬೇಕು, ಇಲ್ಲವೇ ಹಾಜರಿ ಪುಸ್ತಕವೇ ಸಹಿಗಾಗಿ ಅವರ ಮನೆ ಬಾಗಿಲಿಗೆ ಹೋಗಬೇಕು. ಅವರನ್ನೇ ಕೇಳಿ ಸಂಜೆಯ ಹೊತ್ತು ಗೊತ್ತುಮಾಡಲು ಯಾವ ಸುತ್ತೋಲೆಯೂ ಬೇಕಿಲ್ಲ.